22–21: ಇಂಟರ್‌ಕಾಂಟಿನೆಂಟಲ್ ಕಪ್ ಬಗ್ಗೆ ನೀವು ಕೇಳಿದ್ದು, ನಾವು ಹೇಳಿದ್ದು

ಹೋದ ಸಂಚಿಕೆಯಲ್ಲಿ ಬ್ರೆಜಿಲ್ ಆಟಗಾರ ಝೀಕೋ ಮಡಗಾಂವಿಗೆ ಬಂದು ಎಫ್‌ಸಿ ಗೋವಾಕ್ಕೆ ಕೋಚ್ ಆಗಿದ್ದ ವಿಷಯ ಬರೀತಾ, ಇದೇ ಮನುಷ್ಯ 1981ರಲ್ಲಿ ಟೋಕಿಯೋದಲ್ಲಿ ಲಿವರ್‌ಪೂಲ್ ಟೀಮನ್ನ ಫಸ್ಟ್ ಹಾಫಲ್ಲೇ ಮುಗಿಸಿ ಹಾಕಿದ್ದ ಅಂತ ಒಂದು ಸಾಲು ಸೇರಿಸಿದ್ದೆ. ಆಮೇಲೆ ಬಂದ ಪತ್ರ, ವಾಟ್ಸಾಪ್ ಮೆಸೇಜು ನೋಡಿದ್ರೆ ಉಳಿದ ಲೇಖನ ಯಾರೂ ಓದೇ ಇಲ್ವೇನೋ ಅನಿಸ್ತು, ಎಲ್ಲರಿಗೂ ಆ ಟೋಕಿಯೋ ಮ್ಯಾಚ್ ಎಂತದ್ದು ಅನ್ನೋದೇ ಬೇಕು. ಹಾಗಾಗಿ ಈ ಸಲ ಕಾಲಂ ಪೂರ್ತಿ ಅದಕ್ಕೇ. ಅಡಿಕೆ ಕೊಳೆರೋಗದ ಬಗ್ಗೆ ಕೇಳಿದ ಯಲ್ಲಾಪುರದವರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಲ ಖಂಡಿತ.

ಕಾರವಾರ ಕೋಡಿಬಾಗದಿಂದ: ಸರ್, ವರ್ಲ್ಡ್ ಕಪ್ ಗೊತ್ತು, ಚಾಂಪಿಯನ್ಸ್ ಲೀಗ್ ಗೊತ್ತು. ಝೀಕೋ ಟೋಕಿಯೋದಲ್ಲಿ ಗೆದ್ದಿದ್ದು ಯಾವ ಕಪ್ಪು? ಬ್ರೆಜಿಲ್ ಕ್ಲಬ್ಬು, ಇಂಗ್ಲೆಂಡ್ ಕ್ಲಬ್ಬು ಜಪಾನಿಗೆ ಹೋಗಿ ಯಾಕೆ ಆಡಿದ್ರು?

ಅದರ ಹೆಸರು ಇಂಟರ್‌ಕಾಂಟಿನೆಂಟಲ್ ಕಪ್. ಯುರೋಪಿನ ಕ್ಲಬ್ ಚಾಂಪಿಯನ್ ಒಂದು ಕಡೆ, ಸೌತ್ ಅಮೆರಿಕಾದ ಕ್ಲಬ್ ಚಾಂಪಿಯನ್ ಇನ್ನೊಂದು ಕಡೆ, ಇಬ್ಬರಲ್ಲಿ ಯಾರು ದೊಡ್ಡವರು ನೋಡೇಬಿಡುವಾ ಅಂತ 1960ರಲ್ಲಿ ಶುರುವಾಗಿದ್ದು. ಯುರೋಪಲ್ಲಿ ಆಗಲೇ ಯುರೋಪಿಯನ್ ಕಪ್ ನಡೀತಿತ್ತು, ಅದನ್ನೇ ಈಗ ಚಾಂಪಿಯನ್ಸ್ ಲೀಗ್ ಅಂತೇವೆ. ಅವರ ಚಾಂಪಿಯನ್ ಜೊತೆ ಆಡೋಕೆ ಆ ಕಡೆನೂ ಒಬ್ಬ ಚಾಂಪಿಯನ್ ಬೇಕಲ್ಲ, ಅದೇ ವರ್ಷ ಅಲ್ಲಿ ಕೋಪಾ ಲಿಬೆರ್ತಡೋರೆಸ್ ಟೂರ್ನಮೆಂಟೂ ಶುರುವಾಯ್ತು. ಮೊದಲ ಸಲ ರಿಯಲ್ ಮ್ಯಾಡ್ರಿಡ್ ಮತ್ತು ಉರುಗ್ವೆಯ ಪೆನ್ಯಾರೋಲ್. ಮಾಂಟೆವಿಡಿಯೋದಲ್ಲಿ 0-0, ಮ್ಯಾಡ್ರಿಡ್‌ಗೆ ಬಂದ್ಮೇಲೆ 5-1. ಪುಷ್ಕಾಸ್, ಡಿ ಸ್ಟೆಫಾನೋ, ಹೆಂಟೋ ಎಲ್ಲಾ ಇದ್ದ ಟೀಮು, ಅದಕ್ಕೆ ಎದುರು ನಿಲ್ಲೋದು ಕಷ್ಟವೇ. ಆಗ ಜಪಾನ್ ಗೀಪಾನ್ ಇರಲಿಲ್ಲ, ನಿಮ್ಮೂರಲ್ಲೊಂದು ನಮ್ಮೂರಲ್ಲೊಂದು ಅಷ್ಟೇ. ಜಪಾನ್ ಯಾಕೆ ಬಂತು ಅನ್ನೋದು ಕೆಳಗೆ ಬರ್ತದೆ, ಅದಕ್ಕಿಂತ ಮುಂಚೆ ಸುಮಾರು ರಕ್ತ ಹರೀತದೆ.

ಒಟ್ಟು ಲೆಕ್ಕ ಈಗ್ಲೇ ಹೇಳಿಬಿಡ್ತೇನೆ, ಬಹಳ ಜನ ಕೇಳಿದ್ದೂ ಅದನ್ನೇ. 2004ರವರೆಗೆ 43 ಸಲ ನಡೀತು, ಸೌತ್ ಅಮೆರಿಕಾ 22, ಯುರೋಪ್ 21. ಪೆನ್ಯಾರೋಲ್, ನಾಸಿಯೋನಾಲ್, ಬೋಕಾ ಜೂನಿಯರ್ಸ್, ಮಿಲಾನ್, ರಿಯಲ್ ಮ್ಯಾಡ್ರಿಡ್, ಈ ಐದು ಕ್ಲಬ್ಬೂ ತಲಾ 3 ಸಲ ಗೆದ್ದಾವೆ. ಅದರಲ್ಲಿ ಮೊದಲನೇ ಎರಡೂ ಉರುಗ್ವೆಯ ಒಂದೇ ಊರಿನವು, ಇಡೀ ದೇಶದ ಜನಸಂಖ್ಯೆನೇ ಸುಮಾರು 35 ಲಕ್ಷ. ನನಗಂತೂ ಈ ಕಪ್ಪಿನ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ ಇದೇ.

ಕುಮಟಾದ ನಿವೃತ್ತ ಗಣಿತ ಮಾಸ್ತರರು: 1961ರಲ್ಲಿ ಪೋರ್ಚುಗಲ್ಲಿನ ಬೆನ್ಫಿಕಾ 1-0 ಗೆದ್ದಿತು, ಪೆನ್ಯಾರೋಲ್ 5-0 ಗೆದ್ದಿತು, ಆಮೇಲೂ ಮೂರನೇ ಪಂದ್ಯ ಆಡಿದರು ಎಂದು ಒಂದು ಕಡೆ ಓದಿದೆ. ಒಟ್ಟು 5-1 ಆಗಲಿಲ್ಲವೇ? ಅಚ್ಚಿನ ತಪ್ಪೋ?

ಅಚ್ಚು ಸರಿಯಾಗೇ ಅದೆ ಮಾಸ್ತರ್ರೆ. ಆಗ ಗೋಲು ಕೂಡಿಸ್ತಿರಲಿಲ್ಲ, ಗೆದ್ದ ಮ್ಯಾಚಿಗೆ ಪಾಯಿಂಟು ಮಾತ್ರ. ತಲಾ ಒಂದು ಗೆದ್ರೆ ಸಮ, 5-0 ಆದ್ರೂ ಸಮ, ಇನ್ನೊಂದು ಮ್ಯಾಚ್ ಆಡಿ. ಆ ಮೂರನೇದಕ್ಕೆ ಬೆನ್ಫಿಕಾ 19 ವರ್ಷದ ಯುಸೇಬಿಯೋನ ಇಳಿಸ್ತು, ಆ ಹುಡುಗ ಗೋಲೂ ಹೊಡೆದ, ಆದ್ರೂ ಪೆನ್ಯಾರೋಲ್ 2-1 ಗೆಲ್ತು. ಈ ಮೂರನೇ ಮ್ಯಾಚು ಮೊದಮೊದಲು ಎರಡನೇದು ನಡೆದ ಕಡೆನೇ, ಎರಡು ಮೂರು ದಿನದಲ್ಲೇ ಆಗಿಬಿಡ್ತಿತ್ತು, ಅಂದ್ರೆ ಎರಡನೇ ಮ್ಯಾಚ್ ಯಾರ ಮನೇಲೋ ಅವರಿಗೆ ಲಾಭ. 1969ರ ಹೊತ್ತಿಗೆ ಗೋಲ್ ಲೆಕ್ಕ ಬಂತು. ಬರೋ ಮುಂಚೆ ಆಗಬಾರದ್ದೆಲ್ಲಾ ಆಗಿತ್ತು.

ಅಂಕೋಲಾದಿಂದ: ಪೆಲೆ ಈ ಕಪ್ ಆಡಿದ್ರಾ?

ಆಡಿದ್ರು, ಹೆಂಗೆ ಆಡಿದ್ರು ಅಂದ್ರೆ 1962ರಲ್ಲಿ ಪೆಲೆಯ ಕ್ಲಬ್ಬು ಸಾಂಟೋಸ್ ಲಿಸ್ಬನ್‌ಗೆ ಹೋಗಿ ಬೆನ್ಫಿಕಾನ ಅವರ ಮನೇಲೇ 5-2 ಹೊಡೀತು, ಪೆಲೆದು ಹ್ಯಾಟ್ರಿಕ್. ಮರುವರ್ಷ ಮಿಲಾನ್ ಮೇಲೂ ಸಾಂಟೋಸೇ ಗೆದ್ದಿದ್ದು, ಆದ್ರೆ ಅದರಲ್ಲಿ ರಿಯೋದ ಮರಕಾನಾ ಸ್ಟೇಡಿಯಂನ ಎರಡೂ ಮ್ಯಾಚಿಗೆ ಪೆಲೆ ಇರಲಿಲ್ಲ, ಗಾಯ.

ಶಿರಸಿಯಿಂದ: ಯೂಟ್ಯೂಬಲ್ಲಿ ಒಂದು ವಿಡಿಯೋ ನೋಡಿದೆ, ಅರ್ಜೆಂಟೀನಾದ ಕ್ಲಬ್‌ಗಳು ಪಕ್ಕಾ ರೌಡಿಸಂ ಮಾಡಿ ಈ ಕಪ್ ಹಾಳು ಮಾಡಿದ್ವು ಅಂತ. ಹೌದಾ ಸರ್? ನಾನು ಹುಟ್ಟಾ ಅರ್ಜೆಂಟೀನಾ ಫ್ಯಾನು, ಓದಿ ತಲೆ ಕೆಟ್ಟೋಯ್ತು.

ತಲೆ ಕೆಡಿಸ್ಕೋಬೇಡಿ, ಆದ್ರೆ ಆಗಿದ್ದು ಆಗಿಲ್ಲ ಅಂತಾನೂ ನಾನು ಹೇಳೋದಿಲ್ಲ.

ಇದನ್ನ 1966ರಿಂದ ಶುರು ಮಾಡ್ಬೇಕು. ಇಂಗ್ಲೆಂಡಲ್ಲಿ ವರ್ಲ್ಡ್ ಕಪ್, ಕ್ವಾರ್ಟರ್ ಫೈನಲ್. ವೆಂಬ್ಲಿಯಲ್ಲಿ ಇಂಗ್ಲೆಂಡ್–ಅರ್ಜೆಂಟೀನಾ ಮ್ಯಾಚಿಗೆ ಜರ್ಮನಿಯ ರೆಫ್ರೀ, ಅರ್ಜೆಂಟೀನಾ ಕ್ಯಾಪ್ಟನ್ ರತ್ತೀನ್‌ನ ಹೊರಗೆ ಕಳಿಸಿದ. ಅದೇ ದಿನ ಜರ್ಮನಿ–ಉರುಗ್ವೆ ಮ್ಯಾಚಿಗೆ ಇಂಗ್ಲೆಂಡಿನ ರೆಫ್ರೀ, ಉರುಗ್ವೆಯ ಇಬ್ಬರನ್ನ ಹೊರಗೆ ಕಳಿಸಿದ. ಗೆದ್ದಿದ್ದು ಇಂಗ್ಲೆಂಡು ಮತ್ತು ಜರ್ಮನಿ. ಮ್ಯಾಚ್ ಮುಗಿದ್ಮೇಲೆ ಇಂಗ್ಲೆಂಡ್ ಮ್ಯಾನೇಜರ್ ಆಲ್ಫ್ ರ‍್ಯಾಮ್ಸಿ ಎದುರಾಳಿಗಳನ್ನ ಪ್ರಾಣಿಗಳಿಗೆ ಹೋಲಿಸಿ ಮಾತಾಡಿದ್ರು. ಇದೆಲ್ಲಾ ಪ್ಲಾನು ಅಂತ ಆ ಖಂಡದವರಿಗೆ ಅನಿಸಿದ್ರೆ ನನಗೆ ಆಶ್ಚರ್ಯ ಇಲ್ಲ. ಯೂಟ್ಯೂಬಿನವರು ಈ ಭಾಗ ಬಿಟ್ಟು ನೇರ 1967ಕ್ಕೆ ಹಾರ್ತಾರೆ.

1967, ಸೆಲ್ಟಿಕ್ ಮತ್ತು ಅರ್ಜೆಂಟೀನಾದ ರೇಸಿಂಗ್ ಕ್ಲಬ್. ಸೆಲ್ಟಿಕ್ ಅಂದ್ರೆ ಗ್ಲಾಸ್ಗೋ ಸುತ್ತಮುತ್ತ 30 ಮೈಲಿ ಒಳಗೆ ಹುಟ್ಟಿದ ಹುಡುಗರೇ ಸೇರಿ ಯುರೋಪ್ ಗೆದ್ದ ಟೀಮು, ನನಗೂ ಅವರ ಮೇಲೆ ಪ್ರೀತಿನೇ. ಗ್ಲಾಸ್ಗೋದಲ್ಲಿ ಸೆಲ್ಟಿಕ್ 1-0. ರೇಸಿಂಗ್‌ನ ಊರು ಅವೆಲ್ಲಾನೆಡಾದಲ್ಲಿ ಎರಡನೇ ಮ್ಯಾಚ್ ಶುರುವಾಗೋ ಮುಂಚೆನೇ ಗೋಲ್‌ಕೀಪರ್ ಸಿಂಪ್ಸನ್ ತಲೆಗೆ ಏನೋ ಬಂದು ಬಡೀತು, ಅವ ಆಡೋಕಾಗದೇ ಬೇರೆ ಕೀಪರ್ ಇಳಿಬೇಕಾಯ್ತು, ರೇಸಿಂಗ್ 2-1. ಈಗ ತಲಾ ಒಂದು, ಮಾಸ್ತರ್ರಿಗೆ ಮೇಲೆ ಹೇಳಿದ ಲೆಕ್ಕದ ಪ್ರಕಾರ ಮೂರನೇ ಮ್ಯಾಚ್, ಮಾಂಟೆವಿಡಿಯೋದಲ್ಲಿ, ಮೂರೇ ದಿನಕ್ಕೆ. ಅದು ಫುಟ್‌ಬಾಲೇ ಅಲ್ಲ. ಆರು ಜನರನ್ನ ಹೊರಗೆ ಕಳಿಸಿದ್ರು, ಸೆಲ್ಟಿಕ್‌ನವರು 4, ರೇಸಿಂಗ್‌ನವರು 2, ಅದರಲ್ಲಿ ಸೆಲ್ಟಿಕ್‌ನ ಬರ್ಟಿ ಆಲ್ಡ್ ನಾ ಹೋಗೋದೇ ಇಲ್ಲ ಅಂತ ನಿಂತುಬಿಟ್ಟ, ರೆಫ್ರೀ ಸಾಕಾಗಿ ಬಿಟ್ಟುಬಿಟ್ಟ, ಆಡೇ ಮುಗಿಸಿದ. ಕಾರ್ದೆನಾಸ್ ಅನ್ನೋವ ದೂರದಿಂದ ಹೊಡೆದ ಒಂದೇ ಗೋಲು, ರೇಸಿಂಗ್ ಚಾಂಪಿಯನ್. ಇಲ್ಲಿ ಒಂದು ಮಾತು ಗಮನಿಸಿ: ಸೆಲ್ಟಿಕ್‌ನ ಗೆಮ್ಮೆಲ್ ಎದುರಾಳಿಗೆ ಹಿಂದಿನಿಂದ ಬಂದು ಒದ್ದಿದ್ದು ರೆಫ್ರೀಗೆ ಕಾಣಲಿಲ್ಲ, ಟೀವಿ ಕ್ಯಾಮೆರಾಕ್ಕೆ ಕಂಡಿತು. ಸೆಲ್ಟಿಕ್ ಕ್ಲಬ್ಬೇ ತನ್ನ ಆಟಗಾರರಿಗೆ ತಲಾ 250 ಪೌಂಡ್ ದಂಡ ಹಾಕ್ತು. ಪೆಟ್ಟು ತಿಂದವರೂ ಕೊಟ್ಟವರೂ ಎರಡೂ ಕಡೆ ಇದ್ರು.

ಆದ್ರೆ 1969 ಬೇರೆ, ಅದಕ್ಕೆ ನಾನು ವಕಾಲತ್ತು ಹಾಕೋದಿಲ್ಲ. ಎಸ್ಟೂಡಿಯಾಂಟೆಸ್ ಅಂತ ಲಾ ಪ್ಲಾಟಾ ಊರಿನ ಕ್ಲಬ್ಬು, ಕೋಚ್ ಜುಬೆಲ್ದಿಯಾ, ಬಹಳ ತಲೆ ಇರೋ ಮನುಷ್ಯ, ಆಫ್‌ಸೈಡ್ ಟ್ರ್ಯಾಪು, ಕಾರ್ನರು ಎಲ್ಲಾ ಕೂತು ಪ್ರಾಕ್ಟೀಸ್ ಮಾಡಿಸ್ತಿದ್ದ. ಆ ಟೀಮಲ್ಲಿ ಆಡ್ತಿದ್ದ ಬಿಲಾರ್ದೋ ಓದಿದ ಡಾಕ್ಟರು, ಆಮೇಲೆ 1986ರಲ್ಲಿ ಮರಡೋನಾ ಟೀಮಿಗೆ ಕೋಚ್ ಆಗಿ ವರ್ಲ್ಡ್ ಕಪ್ ಗೆದ್ದವನೂ ಅವನೇ. 1968ರಲ್ಲಿ ಇವರು ಮ್ಯಾಂಚೆಸ್ಟರ್ ಯುನೈಟೆಡ್‌ನ ಸೋಲಿಸಿದ್ರು, ಓಲ್ಡ್ ಟ್ರಾಫರ್ಡಲ್ಲಿ ಜಾರ್ಜ್ ಬೆಸ್ಟ್ ಮತ್ತು ಮೆದೀನಾ ಇಬ್ಬರೂ ಕಿತ್ತಾಡಿ ಹೊರಗೆ ಹೋದ್ರು. ಅಲ್ಲಿ ಎಸ್ಟೂಡಿಯಾಂಟೆಸ್ ಪರ ಗೋಲ್ ಹೊಡೆದವ ವೆರೋನ್, ಅವನ ಮಗನೇ 2001ರಲ್ಲಿ ಅದೇ ಯುನೈಟೆಡ್‌ಗೆ ದುಬಾರಿ ಬೆಲೆಗೆ ಸೇರಿದ ಹುವಾನ್ ಸೆಬಾಸ್ಟಿಯನ್ ವೆರೋನ್. ಇಷ್ಟರವರೆಗೆ ಒರಟು, ಆದ್ರೂ ಆಟ.

ಮರುವರ್ಷ ಮಿಲಾನ್. ಇಟಲಿಯಲ್ಲಿ 3-0 ಸೋತು ಬಂದವರು ಬ್ಯೂನಸ್ ಐರಿಸ್‌ನ ಬೊಂಬೊನೇರಾದಲ್ಲಿ ಸಿಕ್ಕಿದವರಿಗೆ ಸಿಕ್ಕ ಹಾಗೆ ಹೊಡೆದ್ರು. ಮಿಲಾನ್‌ನ ನೆಸ್ಟೋರ್ ಕೊಂಬಿನ್ ಅರ್ಜೆಂಟೀನಾದಲ್ಲೇ ಹುಟ್ಟಿ ಫ್ರಾನ್ಸಿಗೆ ಹೋದವ, ಅವನ ಮುಖ ಒಡೆದು ರಕ್ತ ಸುರೀತಿತ್ತು, ಅಷ್ಟು ಸಾಲದು ಅಂತ ಮಿಲಿಟರಿ ಸರ್ವೀಸ್ ತಪ್ಪಿಸ್ಕೊಂಡವ ಅಂತ ಹೇಳಿ ಪೊಲೀಸರು ಅವನನ್ನೇ ಹಿಡ್ಕೊಂಡು ಹೋದ್ರು, ಅವ ಫ್ರಾನ್ಸಲ್ಲಿ ಆ ಸರ್ವೀಸು ಮುಗಿಸಿ ಆಗಿತ್ತು ಮಾರಾಯ್ರೆ. ದೇಶದ ಮರ್ಯಾದೆ ಹೋಯ್ತು ಅಂತ ಅಲ್ಲಿನ ಮಿಲಿಟರಿ ಸರ್ಕಾರಕ್ಕೇ ಸಿಟ್ಟು ಬಂದು ಕೀಪರ್ ಪೊಲೆಟ್ಟಿ, ಆಗಿರ್ರೆ ಸುವಾರೆಸ್, ಮನೇರಾ ಮೂವರನ್ನೂ ಜೈಲಿಗೆ ಹಾಕ್ತು. ಪೊಲೆಟ್ಟಿಗೆ ಜೀವಮಾನ ಬ್ಯಾನ್ ಬೇರೆ, ಆಮೇಲೆ ಅದನ್ನ ತೆಗೆದ್ರು. 4-2 ಲೆಕ್ಕದಲ್ಲಿ ಕಪ್ಪು ಮಿಲಾನ್‌ಗೆ.

ಹಂಗಾಗಿ ನಿಮ್ಮ ಯೂಟ್ಯೂಬಿನವ ಹೇಳಿದ್ದರಲ್ಲಿ ಅರ್ಧ ಸತ್ಯ. ಕಪ್ಪನ್ನ ಹಾಳು ಮಾಡಿದ್ದು ಅವರೇ ಅನ್ನೋದನ್ನ ನಾನು ಒಪ್ಪೋದಿಲ್ಲ, ಯಾಕಂತ ಭಟ್ಕಳದವರ ಪ್ರಶ್ನೆಗೆ ಹೇಳ್ತೇನೆ.

ಹೊನ್ನಾವರದಿಂದ, 8ನೇ ಕ್ಲಾಸು: ಮಾಮಾ, ನಾನು ಕನ್ನಡಕ ಹಾಕ್ಕೊಂಡು ಫುಟ್‌ಬಾಲ್ ಆಡ್ತೇನೆ, ಎಲ್ಲರೂ ನಗ್ತಾರೆ. ದೊಡ್ಡ ಮ್ಯಾಚಲ್ಲಿ ಯಾರಾದ್ರೂ ಹಾಗೆ ಆಡಿದ್ದಾರಾ?

ಆಡಿದ್ದಷ್ಟೇ ಅಲ್ಲ ತಮ್ಮಾ, ಕಪ್ಪೇ ಗೆಲ್ಲಿಸಿದ್ದಾರೆ, ಅದೂ ಇದೇ ಕಪ್ಪು. 1970, ಹಾಲೆಂಡಿನ ಫೆಯೆನೂರ್ಡ್ ಮತ್ತು ಮೇಲೆ ಬಂದನಲ್ಲ ಅದೇ ಎಸ್ಟೂಡಿಯಾಂಟೆಸ್. ಬ್ಯೂನಸ್ ಐರಿಸಲ್ಲಿ 2-2. ರಾಟರ್‌ಡ್ಯಾಮಲ್ಲಿ ಯೋಪ್ ವಾನ್ ಡಾಲೆ ಅಂತ ಒಬ್ಬ ಸಬ್‌ಸ್ಟಿಟ್ಯೂಟ್ ಆಗಿ ಇಳಿದ, ಕಣ್ಣಿಗೆ ಕನ್ನಡಕ, ದೂರದಿಂದ ಹೊಡೆದ, ಗೋಲ್. ಸಿಟ್ಟು ಬಂದ ಎದುರಾಳಿಗಳು ಕನ್ನಡಕ ಕಿತ್ತು ಮುರಿದು ಹಾಕಿದ್ರು. ಮುರಿದ್ರೆ ಏನಾಯ್ತು, ಗೋಲ್ ಗೋಲೇ, 1-0, ಕಪ್ಪು ರಾಟರ್‌ಡ್ಯಾಮಿಗೆ. ನೀನು ಮಾತ್ರ ಮಾಮೂಲಿ ಗಾಜಿನ ಕನ್ನಡಕ ಹಾಕ್ಬೇಡ, ಸ್ಟ್ರ್ಯಾಪ್ ಇರೋ ಸ್ಪೋರ್ಟ್ಸ್ ಕನ್ನಡಕ ಸಿಗ್ತದೆ, ಈಗಿನ ರೂಲಲ್ಲಿ ಅದಕ್ಕೆ ಪರ್ಮಿಶನ್ ಅದೆ, ಅಪ್ಪನ ಹತ್ರ ಹೇಳು.

ಭಟ್ಕಳದಿಂದ: ಅಟ್ಲೆಟಿಕೋ ಮ್ಯಾಡ್ರಿಡ್ ಯುರೋಪಿಯನ್ ಕಪ್ ಒಂದು ಸಲಾನೂ ಗೆದ್ದಿಲ್ಲ, ಆದ್ರೆ 1974ರ ಇಂಟರ್‌ಕಾಂಟಿನೆಂಟಲ್ ಕಪ್ ಅವರ ಹೆಸರಲ್ಲಿ ಅದೆ. ಇದು ಹೇಗೆ ಸಾಧ್ಯ ಭಾಯ್?

ಗೆದ್ದವರು ಬರಲಿಲ್ಲ, ಸೋತವರು ಹೋದ್ರು. 1974ರ ಫೈನಲ್ ಗೆದ್ದ ಬಾಯರ್ನ್ ಮ್ಯೂನಿಕ್ ನಮಗೆ ಟೈಮಿಲ್ಲ ಅಂತು, ಫೈನಲ್ ಸೋತಿದ್ದ ಅಟ್ಲೆಟಿಕೋ ಹೋಗಿ ಅರ್ಜೆಂಟೀನಾದ ಇಂಡಿಪೆಂಡಿಯೆಂಟೆ ವಿರುದ್ಧ 0-1, 2-0 ಆಡಿ ವಿಶ್ವ ಚಾಂಪಿಯನ್ ಆಗಿಬಿಡ್ತು.

ಇದು ಒಂದೇ ಸಲ ಅಲ್ಲ. 1971ರಲ್ಲಿ ಅಯಾಕ್ಸ್ ಹೋಗಲಿಲ್ಲ, ಗ್ರೀಸಿನ ಪಾನಾಥಿನೈಕೋಸ್ ಹೋಯ್ತು, ಅವರ ಕೋಚ್ ಅದೇ ಪುಷ್ಕಾಸ್. 1973ರಲ್ಲಿ ಮತ್ತೆ ಅಯಾಕ್ಸ್ ಇಲ್ಲ, ಯುವೆಂಟಸ್ ಬಂತು, ಅದೂ ಒಂದೇ ಮ್ಯಾಚು, ಅದೂ ರೋಮಲ್ಲೇ ಆಗ್ಬೇಕು ಅಂತ ಕಂಡೀಷನ್ ಹಾಕಿ, ಆಮೇಲೆ ಬೊಕಿನಿ ಅನ್ನೋ ಹುಡುಗನ ಗೋಲಿಗೆ ಸೋತು ಮನೆಗೆ ಹೋಯ್ತು, ನನಗೆ ಈಗ್ಲೂ ನಗು ಬರ್ತದೆ. 1975 ಮತ್ತು 1978ರಲ್ಲಿ ಆಟನೇ ಇಲ್ಲ. 1977ರಲ್ಲಿ ಲಿವರ್‌ಪೂಲ್ ಬದಲು ಬೊರುಸಿಯಾ ಮುನ್ಶೆನ್‌ಗ್ಲಾಡ್‌ಬಾಖ್, 1979ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಬದಲು ಸ್ವೀಡನ್ನಿನ ಮಾಲ್ಮೋ. ಮಾಲ್ಮೋ ಊರಲ್ಲಿ ನಡೆದ ಆ ಮ್ಯಾಚ್ ನೋಡೋಕೆ ಬಂದ ಜನ ಐದು ಸಾವಿರದ ಆಸುಪಾಸು. ವಿಶ್ವ ಚಾಂಪಿಯನ್ ಯಾರಂತ ನಿರ್ಧಾರ ಆಗೋ ಮ್ಯಾಚು!

ಹೆದರಿಕೆ ಅಂತ ಹೇಳಿದ್ರು, ಅಯಾಕ್ಸ್ 1971ರಲ್ಲಿ ಹೇಳಿದ್ದು ನ್ಯಾಯವೇ ಇರಬಹುದು. ಆದ್ರೆ 1972ರಲ್ಲಿ ಅದೇ ಅಯಾಕ್ಸ್ ಹೋಗಿ 1-1, 3-0 ಗೆದ್ದು ಬಂತಲ್ಲ, ಮತ್ತೆ ಮರುವರ್ಷ ಬೇಡ ಯಾಕಾಯ್ತು? ನನ್ನ ಪ್ರಕಾರ ದೊಡ್ಡ ಕಾರಣ ಕ್ಯಾಲೆಂಡರು ಮತ್ತು ದುಡ್ಡು. ಯುರೋಪಿನ ಸೀಸನ್ ಮಧ್ಯ ಅಷ್ಟು ದೂರ ಹೋಗಿ ಬರೋ ತ್ರಾಸಿಗೆ ಸಿಗೋದು ಏನೂ ಇಲ್ಲ, ಅವರಿಗೆ ತಮ್ಮ ಲೀಗೇ ದೊಡ್ಡದು. ಆ ಕಡೆ ಇಂಡಿಪೆಂಡಿಯೆಂಟೆಯವರು ರೆಡಿಯಾಗಿ ಕಾಯ್ತಾ ಕೂತಿರ್ತಿದ್ರು. ಒಬ್ಬರಿಗೆ ಪ್ರಾಣ, ಒಬ್ಬರಿಗೆ ತಲೆಬಿಸಿ. ಹೊಡೆದಾಟಕ್ಕಿಂತ ಇದೇ ಕಪ್ಪನ್ನ ಜಾಸ್ತಿ ಹಾಳು ಮಾಡಿದ್ದು.

ಸದಾಶಿವಗಡದಿಂದ: ಜಪಾನ್ ಕಥೆ ಎಂತದು?

ಟೊಯೋಟಾ ಕಂಪನಿ ದುಡ್ಡು ಹಾಕ್ತು, ಮನೆ ಮ್ಯಾಚು ಎರಡೂ ಬೇಡ, ಟೋಕಿಯೋದ ನ್ಯಾಷನಲ್ ಸ್ಟೇಡಿಯಂ ಅಲ್ಲಿ ಒಂದೇ ಮ್ಯಾಚು, ಯುರೋಪಿನವರು ತಪ್ಪಿಸ್ಕೊಳ್ಳೋ ಹಾಗಿಲ್ಲ ಅಂತ ಕರಾರು. ಅಲ್ಲಿಗೆ 'ಟೈಮಿಲ್ಲ' ನಿಂತುಹೋಯ್ತು. 1980ರದ್ದು 1981ರ ಫೆಬ್ರವರಿಯಲ್ಲಿ ನಡೀತು, ಅರವತ್ತು ಸಾವಿರ ಜನ, ನಾಸಿಯೋನಾಲ್ 1-0 ನಾಟಿಂಗ್‌ಹ್ಯಾಮ್. ಅದೇ ವರ್ಷ ಡಿಸೆಂಬರಲ್ಲಿ ಝೀಕೋನ ಫ್ಲಮೆಂಗೋ 3-0 ಲಿವರ್‌ಪೂಲ್, ಮೂರೂ ಗೋಲು ಫಸ್ಟ್ ಹಾಫಲ್ಲೇ, ಝೀಕೋ ತಾನು ಒಂದೂ ಹೊಡೀಲಿಲ್ಲ, ನೂನೆಸ್ ಎರಡು, ಅಡಿಲಿಯೋ ಒಂದು, ಆದ್ರೂ ಮ್ಯಾನ್ ಆಫ್ ದಿ ಮ್ಯಾಚ್ ಆಗಿ ಟೊಯೋಟಾ ಕಾರು ಸಿಕ್ಕಿದ್ದು ಝೀಕೋಗೇ. ಮಡಗಾಂವಿನ ಫಟೋರ್ಡಾ ಸ್ಟೇಡಿಯಂ ಸೈಡ್‌ಲೈನಲ್ಲಿ 2014ರಿಂದ 2016ರ ತನಕ ನಿಂತಿದ್ದವ ಈ ಝೀಕೋ, ನಮ್ಮ ಕಾರವಾರದಿಂದ ಎರಡು ತಾಸಿನ ದಾರಿ, ಹೋಗಿ ನೋಡಿದವರು ಪುಣ್ಯವಂತರು.

1984ರದ್ದನ್ನ ಬಿಡೋ ಹಾಗಿಲ್ಲ. ಫಾಕ್‌ಲ್ಯಾಂಡ್ ಯುದ್ಧ ಮುಗಿದು ಎರಡು ವರ್ಷ, ಆಮೇಲೆ ಮೊದಲ ಸಲ ಇಂಗ್ಲೆಂಡಿನ ಟೀಮು ಅರ್ಜೆಂಟೀನಾದ ಟೀಮು ಎದುರಾಗಿದ್ದು. ಲಿವರ್‌ಪೂಲ್, ಇಂಡಿಪೆಂಡಿಯೆಂಟೆ. ಎಲ್ಲರೂ ಇವತ್ತು ಏನೋ ಆಗ್ತದೆ ಅಂತ ಕೂತ್ರೆ ಅಂತಾದ್ದು ಎಂತಾನೂ ಆಗಲಿಲ್ಲ, ಪೆರ್ಕುದಾನಿ ಆರಂಭದಲ್ಲೇ ಒಂದು ಹೊಡೆದ, 1-0, ಮುಗೀತು. 1985ರಲ್ಲಿ ಯುವೆಂಟಸ್‌ನ ಪ್ಲಾಟಿನಿಯ ಚಂದದ ಗೋಲನ್ನ ರೆಫ್ರೀ ಕೊಡದೇ ಹೋದಾಗ ಅವ ಹುಲ್ಲಿನ ಮೇಲೆ ತಲೆಗೆ ಕೈ ಕೊಟ್ಟು ಹಾಯಾಗಿ ಮಲಗಿಬಿಟ್ಟ. 1987ರಲ್ಲಿ ಹಿಮ ಬೀಳ್ತಾ ಇದ್ದಾಗ್ಲೇ ಪೋರ್ಟೋ–ಪೆನ್ಯಾರೋಲ್ ಆಡಿದ್ರು, ಚೆಂಡು ಉರುಳ್ತಾನೇ ಇರಲಿಲ್ಲ, ಅಲ್ಜೀರಿಯಾದ ಮಜೇರ್ ಎಕ್ಸ್‌ಟ್ರಾ ಟೈಮಲ್ಲಿ ಪೋರ್ಟೋನ ಗೆಲ್ಲಿಸಿದ.

ಸಿದ್ದಾಪುರದಿಂದ: ಮೊದಲೆಲ್ಲಾ ಸೌತ್ ಅಮೆರಿಕಾ ಕ್ಲಬ್‌ಗಳು ಇಷ್ಟು ಗೆಲ್ತಿದ್ರೆ ಈಗ ಯಾಕೆ ಬರೀ ಯುರೋಪ್? ಆಟ ಮರೆತು ಹೋಯ್ತಾ?

ಈ ಪ್ರಶ್ನೆಗಾಗಿ ನಾನು ಮೇಲಿನದೆಲ್ಲಾ ಬರೆದೆ ಅಂದ್ರೂ ಸರಿ. ಟೋಕಿಯೋದ ಲೆಕ್ಕ ನೋಡಿ. 1980ರಿಂದ 1989, ಹತ್ತು ಮ್ಯಾಚು, ಸೌತ್ ಅಮೆರಿಕಾ 7, ಯುರೋಪ್ 3. 1990ರಿಂದ 1999, ಹತ್ತು ಮ್ಯಾಚು, ಯುರೋಪ್ 7, ಸೌತ್ ಅಮೆರಿಕಾ 3. ಅದೇ ಮೈದಾನ, ಅದೇ ಸ್ಪಾನ್ಸರ್, ತಕ್ಕಡಿ ಮಾತ್ರ ಪೂರ್ತಿ ಉಲ್ಟಾ.

ಝೀಕೋ 1981ರಲ್ಲಿ ಲಿವರ್‌ಪೂಲ್‌ನ ಸೋಲಿಸಿದಾಗ ಅವ ಇನ್ನೂ ರಿಯೋದಲ್ಲೇ ಇದ್ದ, 28 ವಯಸ್ಸು, ಆಟ ತುತ್ತತುದಿಯಲ್ಲಿ. ಇಟಲಿಗೆ ಹೋಗಿದ್ದು 1983ರಲ್ಲಿ. ಪೆಲೆ ಅಂತೂ ಸಾಂಟೋಸ್ ಬಿಟ್ಟು ಯುರೋಪಿಗೆ ಹೋಗಲೇ ಇಲ್ಲ. ಆಮೇಲೆ ಇಟಲಿ, ಸ್ಪೇನ್ ಕ್ಲಬ್‌ಗಳಲ್ಲಿ ದುಡ್ಡು ಬೆಳೀತು, ಆದ್ರೂ ಒಂದು ತಡೆ ಇತ್ತು, ಫಾರಿನ್ ಆಟಗಾರರು ಇಷ್ಟೇ ಅಂತ ಮಿತಿ. 1995ರ ಡಿಸೆಂಬರಲ್ಲಿ ಬೆಲ್ಜಿಯಂನ ಬೊಸ್ಮಾನ್ ಅನ್ನೋ ಆಟಗಾರನ ಕೇಸಲ್ಲಿ ಯುರೋಪಿನ ಕೋರ್ಟು ತೀರ್ಪು ಕೊಡ್ತು, ಯುರೋಪಿಯನ್ ಯೂನಿಯನ್ ದೇಶದವರನ್ನ ಫಾರಿನ್ ಅಂತ ಎಣಿಸೋ ಹಾಗಿಲ್ಲ ಅಂತ. ಆಗ ಫಾರಿನ್ ಜಾಗ ಖಾಲಿ ಆಯ್ತು, ಅದು ಬ್ರೆಜಿಲ್, ಅರ್ಜೆಂಟೀನಾದವರಿಗೆ ಸಿಕ್ಕಿತು, ಅಜ್ಜ ಇಟಲಿಯವ ಅಜ್ಜಿ ಸ್ಪೇನಿನವಳು ಅಂತ ಪಾಸ್‌ಪೋರ್ಟ್ ಮಾಡಿಸ್ಕೊಂಡವರಿಗೆ ಅದೂ ಬೇಡ. 1996ರಿಂದ 1999ರವರೆಗೆ ನಾಲ್ಕಕ್ಕೆ ನಾಲ್ಕೂ ಯುರೋಪ್. ನಿಮ್ಮ ಸಿದ್ದಾಪುರ ಕಡೆ ಹಳ್ಳಿಗಳಲ್ಲಿ ಓದಿದ ಹುಡುಗರೆಲ್ಲಾ ಬೆಂಗಳೂರು ಸೇರಿ ತೋಟದ ಮನೇಲಿ ಅಪ್ಪ ಅಮ್ಮ ಇಬ್ಬರೇ ಉಳಿದ ಹಾಗೆ, ಅಲ್ಲಿನ ಕ್ಲಬ್‌ಗಳಲ್ಲೂ ಉಳಿದಿದ್ದು ಹೊರಡೋಕೆ ಕಾಯ್ತಿರೋ ಮಕ್ಕಳು ಮತ್ತು ವಾಪಸ್ ಬಂದ ವಯಸ್ಸಾದವರು.

ಮಧ್ಯ ಮಧ್ಯ ಬೋಕಾ ಜೂನಿಯರ್ಸ್ ಅಡ್ಡಗಟ್ಟಿ ನಿಲ್ತು, 2000ದಲ್ಲಿ ಪಲೆರ್ಮೋ ಆರು ನಿಮಿಷದೊಳಗೆ ಎರಡು ಹೊಡೆದು ರಿಯಲ್ ಮ್ಯಾಡ್ರಿಡ್‌ನ ಕೆಡವಿದ, 2003ರಲ್ಲಿ ಬೋಕಾ ಪೆನಾಲ್ಟಿಯಲ್ಲಿ ಮಿಲಾನ್‌ನ ಸೋಲಿಸ್ತು. 2004ರಲ್ಲಿ ಪೋರ್ಟೋ–ಒನ್ಸೆ ಕಾಲ್ಡಾಸ್ 0-0, ಪೆನಾಲ್ಟಿ 8-7, ಅಲ್ಲಿಗೆ ಹಳೇ ಕಪ್ ಮುಗೀತು. ಮರುವರ್ಷದಿಂದ ಎಲ್ಲಾ ಖಂಡದವರೂ ಸೇರಿದ ಕ್ಲಬ್ ವರ್ಲ್ಡ್ ಕಪ್. ಅದರಲ್ಲಿ ಸೌತ್ ಅಮೆರಿಕಾದಿಂದ ಗೆದ್ದವರು ಸಾವೊ ಪಾಲೋ 2005, ಇಂಟರ್‌ನಾಸಿಯೋನಾಲ್ 2006, ಕೊರಿಂಥಿಯನ್ಸ್ 2012, ಮೂರೂ 1-0. ಅದಾದ್ಮೇಲೆ ಒಬ್ಬರೂ ಇಲ್ಲ, ಕೆಲವು ಸಲ ಆಫ್ರಿಕಾ, ಏಷ್ಯಾದ ಟೀಮಿಗೆ ಸೋತು ಫೈನಲ್‌ಗೂ ಬರಲಿಲ್ಲ.

2025ರಲ್ಲಿ ಅಮೆರಿಕಾದಲ್ಲಿ 32 ಟೀಮಿನ ಕ್ಲಬ್ ವರ್ಲ್ಡ್ ಕಪ್ ಆಯ್ತಲ್ಲ, ಅಲ್ಲಿ ಬ್ರೆಜಿಲ್ ಕ್ಲಬ್‌ಗಳೇ ಮಿಂಚಿದ್ವು, ಬೊಟಾಫೊಗೋ ಯುರೋಪ್ ಚಾಂಪಿಯನ್ ಪಿಎಸ್‌ಜಿನ 1-0 ಸೋಲಿಸ್ತು, ಫ್ಲಮೆಂಗೋ ಚೆಲ್ಸಿನ 3-1, ಫ್ಲುಮಿನೆನ್ಸೆ ಇಂಟರ್ ಮಿಲಾನ್‌ನ 2-0. ಆಟ ಮರೆತವರು ಹೀಗೆ ಆಡೋದಿಲ್ಲ. ಆಮೇಲೆ ಸೆಮಿಫೈನಲಲ್ಲಿ ಫ್ಲುಮಿನೆನ್ಸೆ ಚೆಲ್ಸಿಗೆ 0-2 ಸೋತಿತು, ಎರಡೂ ಗೋಲು ಹೊಡೆದವ ಜೊವಾವೊ ಪೆಡ್ರೊ, ಫ್ಲುಮಿನೆನ್ಸೆಯವರೇ ಸಣ್ಣವನಿದ್ದಾಗಿಂದ ಆಟ ಕಲಿಸಿ ಬೆಳೆಸಿ ಇಂಗ್ಲೆಂಡಿಗೆ ಮಾರಿದ ಹುಡುಗ. ಗೋಲ್ ಹೊಡೆದು ಕೈ ಎತ್ತಿ ಕ್ಷಮೆ ಕೇಳಿದ ಹಾಗೆ ನಿಂತ, ಸಂಭ್ರಮ ಮಾಡಲಿಲ್ಲ.

ದಾಂಡೇಲಿಯಿಂದ: ಹಳೇ ಕಪ್ ಗೆದ್ದವರನ್ನ ಫಿಫಾ ವಿಶ್ವ ಚಾಂಪಿಯನ್ ಅಂತ ಒಪ್ತದಾ ಇಲ್ವಾ? ಆಫೀಸಲ್ಲಿ ಪಂಥ ಕಟ್ಟಿದ್ದೇವೆ.

ಒಪ್ತದೆ. 2017ರ ಅಕ್ಟೋಬರಲ್ಲಿ ಫಿಫಾ ಕೌನ್ಸಿಲ್ ಒಪ್ಪಿತು, ಆ ಮೀಟಿಂಗ್ ನಡೆದಿದ್ದು ನಮ್ಮ ಕೋಲ್ಕತ್ತಾದಲ್ಲೇ, ಅಂಡರ್-17 ವರ್ಲ್ಡ್ ಕಪ್ ಹೊತ್ತಲ್ಲಿ. ಪಂಥದಲ್ಲಿ ನೀವು ಯಾವ ಕಡೆ ಅಂತ ಬರೀಲಿಲ್ಲ.

ಮಾಜಾಳಿಯಿಂದ: ಇಂಟರ್ನೆಟ್ಟಲ್ಲಿ ಹಳೇ ಮ್ಯಾಚ್ ಸಿಗ್ತಾವೆ. ಒಂದೇ ಒಂದು ನೋಡೋದಾದ್ರೆ ಯಾವುದು ನೋಡ್ಲಿ?

1981ರದ್ದು ಅಂತ ನಾನು ಹೇಳ್ತೇನೆ ಅಂದ್ಕೊಂಡಿರಬಹುದು, ಅದು ಒನ್ ಸೈಡು. 1992 ನೋಡಿ, ಸಾವೊ ಪಾಲೋ–ಬಾರ್ಸಿಲೋನಾ. ಆ ಕಡೆ ಕ್ರೈಫ್ ಕೋಚ್, ಈ ಕಡೆ ಟೆಲೆ ಸಂತಾನಾ, ಇಬ್ಬರೂ ಚೆಂಡು ಇಟ್ಕೊಂಡು ಆಡ್ಬೇಕು ಅನ್ನೋ ಜಾತಿಯವರು. ಸ್ಟೊಯಿಚ್ಕೋವ್ ಮೊದಲು ಹೊಡೀತಾನೆ, ರಾಯಿ ಸಮ ಮಾಡ್ತಾನೆ, ಕೊನೇಲಿ ಅವನದೇ ಒಂದು ಫ್ರೀಕಿಕ್ ಅದೆ, ಅದನ್ನ ನಿಧಾನ ಮಾಡ್ಕೊಂಡು ನೋಡಿ. ಟೈಮ್ ಉಳಿದ್ರೆ ಮರುವರ್ಷದ್ದೂ ಹಾಕಿ, ಅದೇ ಸಾವೊ ಪಾಲೋ, ಮಿಲಾನ್ ಮೇಲೆ 3-2, ಮ್ಯಾಚ್ ಮುಗೀತಾ ಬಂದಾಗ ಮ್ಯೂಲರ್‌ನ ಹಿಮ್ಮಡಿಗೆ ತಾಗಿ ಹೋಗೋ ಗೋಲು.